ಅಪ್ಪ, ಅಣ್ಣ ಜಗಲಿ ಮೇಲೆ ಸೇದುತ್ತಿರುವಾಗ ನಾನೊಬ್ಬ ಬಿಡೋದು ಹೇಗೆ?

ಕೇಳಿದ್ದು: ಮನೆ ಮಂಡ್ಯ ಪಕ್ಕದ ಹಳ್ಳಿ, ಕೆಲಸ ಮೈಸೂರು, ದಿನಾ ರೈಲಲ್ಲಿ ಓಡಾಟ. ದಿನಕ್ಕೆ 12 ಸಿಗರೇಟು, ಎದ್ದ ತಕ್ಷಣ ಒಂದು ಬೇಕೇ ಬೇಕು. ಅಪ್ಪಂದು ಬೀಡಿ, ಅಣ್ಣಂದು ಸಿಗರೇಟು, ಇಬ್ಬರೂ ಬಿಡೋರಲ್ಲ. ಎರಡು ಸಲ ಬಿಟ್ಟೆ, ಎರಡು ಸಲವೂ ಮೂರನೇ ದಿನಕ್ಕೆ ಸೋತೆ. ತಿಳಿದವರು ಹೇಳಿ.

ಮಂಡ್ಯದಿಂದ:
ಅಪ್ಪನನ್ನೂ ಬಿಡಿಸ್ತೀನಿ ಅಂತ ಮಾತ್ರ ಈಗ ಹೊರಡಬೇಡಿ. ಆ ಜಗಳ ಎದ್ದರೆ ನಿಮ್ಮ ಮೊದಲ ವಾರ ಅದರಲ್ಲೇ ಹೋಗುತ್ತೆ. ಮನೆಯವರ ಹತ್ತಿರ ಕೇಳಬೇಕಾದ್ದು ಮೂರೇ. ಕಟ್ಟು, ಪ್ಯಾಕು ನನ್ನ ಕಣ್ಣಿಗೆ ಬೀಳೋದು ಬೇಡ. ನಾನು ಕೇಳಿದರೂ ಕೊಡಬೇಡಿ. ಅಂಗಡಿಗೆ ನನ್ನನ್ನು ಕಳಿಸಬೇಡಿ. ಈ ಮೂರನೆಯದೇ ಕಷ್ಟದ್ದು. "ಮಗ, ಒಂದ್ ಕಟ್ಟು ಬೀಡಿ ತಕ್ಕಂಬಾ" ಅಂದರೆ ಆಗಲ್ಲ ಅನ್ನೋಕೆ ಬಾಯಿ ಬರಲ್ಲ, ಅಂಗಡಿ ಮುಂದೆ ನಿಂತಾಗ ಕೈಲಿ ಉಳಿದ ಚಿಲ್ಲರೆ ಒಂದು ಬಿಡಿ ಸಿಗರೇಟಿಗೆ ಸಾಕಾಗುತ್ತೆ. ಅಪ್ಪನಿಗೆ ಹೇಳೋಕೆ ಸಂಕೋಚವಾದರೆ ಅಮ್ಮನ ಕೈಲಿ ಹೇಳಿಸಿ. ಬಿಡೋ ದಿನಕ್ಕೆ ಒಂದು ವಾರ ಮುಂಚೆಯೇ ಹೇಳಿಸಿ.

ಇನ್ನೊಂದು, ಅರ್ಧ ಬೀಡಿ. ಬೀಡಿ ಎಳೆಯದೆ ಬಿಟ್ಟರೆ ತಾನೇ ಆರಿಹೋಗುತ್ತೆ. ಆರಿದ ತುಂಡನ್ನು ಗೋಡೆಗೂಡಲ್ಲೋ ಹೆಂಚಿನ ಸಂದೀಲೋ ಸಿಕ್ಕಿಸಿರ್ತಾರೆ. ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಹತ್ತಕ್ಕೆ, ಕೈ ಹೋಗೋದು ಆ ತುಂಡಿಗೇ. ಜಗಲಿ ಮೇಲೆ ಮುಚ್ಚಳದ ಡಬ್ಬಿಯಲ್ಲಿ ಅರ್ಧ ನೀರು ತುಂಬಿಡಿ, ತುಂಡೆಲ್ಲ ಅದರೊಳಕ್ಕೆ. ಬೆಂಕಿಪೊಟ್ಟಣ ಅಡುಗೆಮನೇಲಿ ಒಂದು, ದೇವರ ಮನೇಲಿ ಒಂದು, ಅಷ್ಟೇ. ಊಟವಾದ ಮೇಲೆ ಅವರು ಜಗಲಿಗೆ ಹೋದರೆ ನೀವು ಹಿತ್ತಿಲಿಗೆ ಹೋಗಿ. ಆಸೆ ಜೋರಾಗಿರೋದು ಐದು-ಹತ್ತು ನಿಮಿಷ, ಒಂದು ಜಲ್ಲೆ ಕಬ್ಬು ಸಿಗಿದು ತಿನ್ನೋಷ್ಟರಲ್ಲಿ ಇಳಿಯುತ್ತೆ.

ಔಷಧಿ ಅಂಗಡಿ ಕಡೆಯಿಂದ:
ನೀವು ಸೋತ ಮೂರನೇ ದಿನ ಎಲ್ಲರಿಗೂ ಕೆಟ್ಟದ್ದೇ. ಸಿಡುಕು, ತಲೆನೋವು, ಚಡಪಡಿಕೆ ಹೆಚ್ಚಾಗೋದು ಎರಡು-ಮೂರನೇ ದಿನ, ಪೂರಾ ಇಳಿಯೋಕೆ ಎರಡರಿಂದ ನಾಲ್ಕು ವಾರ ಬೇಕು. ಬರೀ ಮನಸ್ಸು ಗಟ್ಟಿ ಮಾಡಿಕೊಂಡು ಇದನ್ನು ದಾಟೋಕೆ ಹೋಗಬೇಡಿ, ನಿಕೋಟಿನ್ ಗಮ್ ಹಿಡಿಯಿರಿ, ಅಂದರೆ ತಂಬಾಕಿನ ಚಟ ಹಿಡಿಸೋ ನಿಕೋಟಿನ್ನನ್ನೇ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಡೋ ಅಗಿಯೋ ಗಮ್. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿ.ಗ್ರಾಂ ಬೇಕು, ಅದಕ್ಕೆ ಡಾಕ್ಟರ ಚೀಟಿ ಇರಬೇಕು. 2 ಮಿ.ಗ್ರಾಂ ಹಾಗೇ ಕೊಡ್ತಾರೆ. ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಜನ ಕೆಡಿಸೋದು ಅಗಿಯೋದರಲ್ಲಿ. ಬಬಲ್ ಗಮ್ ಥರ ಅಗಿದು ಎಂಜಲು ನುಂಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತೆ, ಆಸೆ ಇದ್ದಲ್ಲೇ ಇರುತ್ತೆ. ನಿಧಾನ ಅಗಿಯಿರಿ. ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಿ. ಚುರುಚುರು ನಿಂತಾಗ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕೆನ್ನೆಗೆ. ಒಂದು ಗಮ್ಮಿಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ, ನಿಂಬೆ ಪಾನಕ, ಸೋಡಾ ಬೇಡ, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳಲ್ಲ. ಮೊದಲ 6 ವಾರ ಒಂದೆರಡು ಗಂಟೆಗೊಂದು, ಆಮೇಲೆ 3 ವಾರ 2-4 ಗಂಟೆಗೊಂದು, ಕೊನೆಯ 3 ವಾರ 4-8 ಗಂಟೆಗೊಂದು. ದಿನಕ್ಕೆ 24 ದಾಟಬಾರದು. ದಿನಕ್ಕೆ ಎರಡೋ ಮೂರೋ ಹಾಕಿಕೊಂಡು "ಗಮ್ ಕೆಲಸ ಮಾಡಲ್ಲ" ಅನ್ನೋರೇ ಜಾಸ್ತಿ. ನಿಮ್ಮ ಮನೆಗೆ ಹೇಳೋದಾದರೆ, ಅಪ್ಪ ಜಗಲಿಗೆ ಹೋಗೋ ಹೊತ್ತು ನಿಮಗೆ ಗೊತ್ತೇ ಇದೆ. ಅದಕ್ಕೆ ಕಾಲು ಗಂಟೆ ಮುಂಚೆಯೇ ಗಮ್ ಬಾಯಲ್ಲಿರಲಿ. ಹೊಗೆ ವಾಸನೆ ಬಂದ ಮೇಲೆ ಹಾಕಿದರೆ ತಡವಾಯಿತು.

ಮೈಸೂರಿನಿಂದ:
ಕಾಫಿ ವಿಷಯ ಇನ್ನೂ ಇದೆ. ಹೊಗೆಯ ಟಾರಿನಲ್ಲಿರೋ ಪದಾರ್ಥಗಳಿಂದ ಲಿವರು ಕೆಫೀನನ್ನು ಬೇಗ ಬೇಗ ಕರಗಿಸ್ತಿರುತ್ತೆ. ಸೇದೋದು ನಿಂತರೆ ಆ ವೇಗ ತಗ್ಗುತ್ತೆ. ಅದೇ ಫಿಲ್ಟರ್ ಕಾಫಿ, ಅದೇ ಲೋಟ, ಮೈಗೆ ಮಾತ್ರ ಹೆಚ್ಚೂಕಡಿಮೆ ಎರಡರಷ್ಟು. ಕೈ ನಡುಕ, ನಿದ್ದೆಗೇಡು ಬಂದರೆ ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯ್ತು ಅಂದುಕೊಂಡು ಮತ್ತೆ ಹಚ್ಚಿಬಿಡ್ತಾರೆ. ಗಮ್ ಇದ್ದರೂ ಇದು ತಪ್ಪಲ್ಲ, ಹೊಗೆಯಿಂದಾಗೋದೇ ಹೊರತು ನಿಕೋಟಿನ್‌ನಿಂದಲ್ಲ. ಮೊದಲ ದಿನದಿಂದಲೇ ಕಾಫಿ ಅರ್ಧಕ್ಕಿಳಿಸಿ.

ಬೆಳಿಗ್ಗೆ ಸಿಗರೇಟಿಲ್ಲದೆ ಹೊಟ್ಟೆ ಕಟ್ಟುತ್ತೆ. ಎದ್ದಾಗ ಎರಡು ಲೋಟ ಬಿಸಿನೀರು, ರಾತ್ರಿ ಮಲಗುವಾಗ ಒಂದು ಲೋಟ ನೀರಲ್ಲಿ ಒಂದೆರಡು ಚಮಚ ಇಸಬ್ಗೋಲ್. ಸಿಗರೇಟಿನ ಬದಲು ಕಡ್ಡಿಪುಡಿ, ಗುಟ್ಕಾ ಕಡೆ ತಿರುಗಬೇಡಿ. ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ಬೇಡ, ಅಡಿಕೆಯೇ ಬಾಯಿ ಕ್ಯಾನ್ಸರಿಗೆ ದಾರಿ. ಲವಂಗ, ಏಲಕ್ಕಿ, ಹುರಿಗಡಲೆ ಜೇಬಲ್ಲಿರಲಿ.

ಬೀಗರ ಊಟ ಇರೋ ವಾರದಲ್ಲಿ ಬಿಡೋ ದಿನ ಇಟ್ಟುಕೊಳ್ಳಬೇಡಿ. ಬಾಡೂಟ ಆದ ಮೇಲೆ ಗಂಡಸರೆಲ್ಲ ಹೊರಗೆ ಸೇರೋ ಜಾಗ ನಿಮಗೂ ಗೊತ್ತು, ಎಣ್ಣೆ ಇದ್ದರಂತೂ ಕಥೆ ಮುಗೀತು. ಮೊದಲ ತಿಂಗಳು ಕೈ ತೊಳೆದು ಹಾಗೇ ಮನೆಗೆ ಬನ್ನಿ. ಮಾತಾಡಬೇಕು ಅನ್ನಿಸಿದರೆ ತಂಬಾಕು ಬಿಡಿಸೋ ಸರ್ಕಾರಿ ಸಹಾಯವಾಣಿ 1800-11-2356, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಜಾರಿ ಒಂದು ಸೇದಿಬಿಟ್ಟರೂ ಗಮ್ ನಿಲ್ಲಿಸಬೇಡಿ. ಆ ಸಿಗರೇಟು ಅಣ್ಣನ ಅಂಗಿ ಜೇಬಿಂದ ಬಂತೋ, ಗೋಡೆಗೂಡಿಂದ ಬಂತೋ, ರೈಲ್ವೆ ಸ್ಟೇಷನ್ ಮುಂದಿನ ಅಂಗಡಿಯಿಂದ ಬಂತೋ ನೋಡಿ, ಅವತ್ತೇ ಆ ದಾರಿ ಮುಚ್ಚಿ.