ಬೆಂಗಳೂರಿನ ಮನೆಗೆ ಗ್ಯಾಸ್ ಫೈರ್‌ಪ್ಲೇಸ್: ಪ್ಲಾಸ್ಟರಿಂಗ್‌ಗೆ ಮುಂಚೆ ನೋಡಬೇಕಾದ್ದು

ವೀಣಾ, ಕ್ಯಾಲ್ಗರಿ:
ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಹೊರಟಿದ್ದೇವೆ. ಬನ್ನೇರುಘಟ್ಟ ರಸ್ತೆ ಕಡೆ ಮನೆ ಏಳ್ತಿದೆ, ಗೋಡೆ ಮುಗಿದಿದೆ, ಪ್ಲಾಸ್ಟರಿಂಗ್ ಬಾಕಿ. ಹಾಲ್‌ಗೆ ಗ್ಯಾಸ್ ಫೈರ್‌ಪ್ಲೇಸ್ ಹಾಕಿಸೋ ಆಸೆ. ಕಾಂಟ್ರಾಕ್ಟರ್ ಅಂತಾರೆ, "ಹೊಗೆ ಕೊಳವೆ ಬೇಡದ ಮಾಡೆಲ್ ತನ್ನಿ ಮೇಡಂ, ಅಡುಗೆಮನೆ ಲೈನಿಂದಾನೇ ಒಂದು ಎಳೆದುಕೊಡ್ತೀನಿ." ಮಗಳಿಗೆ ಎರಡೂವರೆ ವರ್ಷ. ಬಲ್ಲವರು ಹೇಳಿ.

ಶ್ರೀಕಾಂತ, ಟೊರಾಂಟೊ:
ಕಾಂಟ್ರಾಕ್ಟರ್ ಹೇಳಿದ ಎರಡೂ ಬೇಡ.

ಕೊಳವೆ ಇಲ್ಲದ ಮಾಡೆಲ್‌ನಲ್ಲಿ ಉರಿದದ್ದೆಲ್ಲ ನೀವು ಕೂತಿರೋ ಕೋಣೆಗೇ ಬರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನ ಮನೆಯೊಳಗೆ ಹಾಕೋ ಹಾಗಿಲ್ಲ. ಅದರಲ್ಲಿರೋ ಆಕ್ಸಿಜನ್ ಸೆನ್ಸರ್ ಗಾಳಿಯಲ್ಲಿ ಆಕ್ಸಿಜನ್ ಸುಮಾರು 18 ಶೇಕಡಾಕ್ಕೆ ಇಳಿದಾಗ ಗ್ಯಾಸ್ ನಿಲ್ಲಿಸುತ್ತೆ ನಿಜ, ಆದರೆ ಅದು ಕಾರ್ಬನ್ ಮೊನಾಕ್ಸೈಡನ್ನ ಅಳೆಯಲ್ಲ. ಉರಿಯ ಮೇಲೆ ಅಲಂಕಾರಕ್ಕೆ ಇಟ್ಟಿರೋ ಕೃತಕ ದಿಮ್ಮಿ ಪಕ್ಕಕ್ಕೆ ಸರಿದು ಜ್ವಾಲೆಗೆ ತಾಗಿದರೆ ಸಾಕು, ಆಕ್ಸಿಜನ್ ಬೇಕಾದಷ್ಟಿದ್ದರೂ ಆ ವಿಷ ಹುಟ್ಟುತ್ತೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜನ ಸತ್ತ ಸುದ್ದಿ ಬೆಂಗಳೂರಿಗೆ ಹೊಸದಲ್ಲ. ಇದೂ ಅದೇ ವಿಷ. ಇನ್ನೊಂದು, 20,000 ಬಿಟಿಯು (ಸುಮಾರು 6 ಕಿಲೋವ್ಯಾಟ್) ಉರಿಯಿಂದ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಕೋಣೆಗೆ ಸೇರುತ್ತೆ. ಮಳೆಗಾಲದಲ್ಲಿ ಗೋಡೆ ಬಣ್ಣ ಏನಾಗುತ್ತೆ ನೀವೇ ಊಹಿಸಿ.

ತಗೊಳ್ಳೋದಾದರೆ ಡೈರೆಕ್ಟ್ ವೆಂಟ್ ಮಾತ್ರ. ಮುಂದೆ ಪೂರ್ತಿ ಮುಚ್ಚಿದ ಗಾಜು, ಒಂದರೊಳಗೊಂದು ಎರಡು ಕೊಳವೆ. ಹೊರಗಿನದರಲ್ಲಿ ಗಾಳಿ ಒಳಗೆ ಬರುತ್ತೆ, ಒಳಗಿನದರಲ್ಲಿ ಹೊಗೆ ಆಚೆ ಹೋಗುತ್ತೆ. ಕೋಣೆಯ ಗಾಳಿಗೂ ಉರಿಗೂ ಸಂಬಂಧವೇ ಇಲ್ಲ. ಅಡುಗೆಮನೆ ಚಿಮ್ನಿ ಜೋರಾಗಿ ಎಳೆದರೂ ಹೊಗೆ ವಾಪಸ್ ಹಾಲ್‌ಗೆ ಬರಲ್ಲ. ಗಾಜಿಲ್ಲದ ತೆರೆದ ಮಾಡೆಲ್‌ಗಳಲ್ಲಿ ಆ ಅಪಾಯ ಇದ್ದೇ ಇದೆ.

ಈಗ ಗ್ಯಾಸ್ ವಿಚಾರ. ಪೈಪ್ ಗ್ಯಾಸ್‌ಗೂ ಸಿಲಿಂಡರ್ ಗ್ಯಾಸ್‌ಗೂ ಬರ್ನರ್ ನಾಜಲ್ (ಗ್ಯಾಸ್ ಹೊರಬರೋ ಸಣ್ಣ ತೂತಿನ ತುಂಡು) ಬೇರೆ. ಪೈಪ್ ಗ್ಯಾಸಿನ ನಾಜಲ್‌ಗೆ ಸಿಲಿಂಡರ್ ಕೊಟ್ಟರೆ ಉರಿ ಭುಗಿಲೆದ್ದು ಗಾಜೆಲ್ಲ ಮಸಿ. ಬೆಂಗಳೂರಲ್ಲಿ ಮನೆಗೆ ಬರೋ ಪೈಪ್ ಗ್ಯಾಸಿನ ಒತ್ತಡ 21 ಮಿಲಿಬಾರ್, ಸಿಲಿಂಡರ್ ರೆಗ್ಯುಲೇಟರ್ ಕೊಡೋದು ಸುಮಾರು 30. ಕೆನಡಾದ ಉಪಕರಣಗಳ ಕೈಪಿಡಿ ನೀರಿನ ಇಂಚಿನಲ್ಲಿ 7 ಮತ್ತು 11 ಅನ್ನುತ್ತೆ, ಅಂದರೆ ಸುಮಾರು 17 ಮತ್ತು 27 ಮಿಲಿಬಾರ್. ಬೆಂಗಳೂರಿನ ಒತ್ತಡ ಎರಡರಲ್ಲೂ ಸ್ವಲ್ಪ ಜಾಸ್ತಿ. ಕೈಪಿಡಿ ಕೊಟ್ಟಿರೋ ಗರಿಷ್ಠ ಮಿತಿಯೊಳಗೆ ಇದೆಯಾ ಅಂತ ಮಾನೋಮೀಟರ್ (ಒತ್ತಡ ಅಳೆಯೋ ಸಾಧನ) ಇಟ್ಟು, ಉರಿ ಪೂರ್ತಿ ಹಚ್ಚಿರುವಾಗ ಒಮ್ಮೆ, ಆರಿಸಿದಾಗ ಒಮ್ಮೆ ಅಳೆಸಿ. ಕೆನಡಾದ ಸಿಲಿಂಡರ್‌ನಲ್ಲಿರೋದು ಬಹುಪಾಲು ಪ್ರೊಪೇನ್, ಭಾರತದ್ದು ಬ್ಯೂಟೇನ್ ಬೆರೆತದ್ದು. ಈ ಮಿಶ್ರಣಕ್ಕೆ ಆಗುತ್ತಾ ಅಂತ ತಯಾರಕರಿಂದ ಬರಹದಲ್ಲಿ ತರಿಸಿಕೊಳ್ಳದೆ ದುಡ್ಡು ಕಟ್ಟಬೇಡಿ.

ಎತ್ತರದಲ್ಲಿ ಗಾಳಿ ತೆಳು, ಅದಕ್ಕೆ ತಕ್ಕ ನಾಜಲ್ ಬೇಕು. ಆ ವಿಚಾರದಲ್ಲಿ ಮಾತ್ರ ನಿಮಗೆ ಅನುಕೂಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಕ್ಯಾಲ್ಗರಿ 1,045. ಕೆನಡಾದ ಲೆಕ್ಕದಲ್ಲಿ ಎರಡೂ 2,000ದಿಂದ 4,500 ಅಡಿ ಎತ್ತರದ ಪಟ್ಟಿಯೊಳಗೇ ಬರುತ್ತವೆ. ಆ ಪಟ್ಟಿಯ ನಾಜಲ್ಲೇ ಕೇಳಿ ತಗೊಳ್ಳಿ.

ಮಂಜುಳಾ, ಬೆಂಗಳೂರು:
ಶ್ರೀಕಾಂತ್ ಅವರೇ, ಗೋಡೆ ಮತ್ತು ಪೈಪ್ ಬಗ್ಗೆ ನಾನು ಸೇರಿಸ್ತೀನಿ. ಇಲ್ಲಿ ಎಡವಟ್ಟಾಗೋದು ಅಲ್ಲೇ.

ಸಾಮಾನ್ಯ ಅಳತೆಯ ಕೊಳವೆ ಒಳಗೆ 4 ಇಂಚು, ಹೊರಗೆ ಆರೂ ಮುಕ್ಕಾಲಿಗೆ ಹತ್ತಿರ. ಒಂಬತ್ತಿಂಚಿನ ಗೋಡೆಯಲ್ಲಿ ತೂತಿನ ಜಾಗ ಈಗಲೇ ಗುರುತು ಮಾಡಿಸಿ, ಬೀಮ್, ಕಾಲಂ ತಪ್ಪಿಸಿ. ಮೇಸ್ತ್ರಿಗಳು ಅಭ್ಯಾಸಬಲದಿಂದ ಒಂದು ಪಿವಿಸಿ ಪೈಪ್ ತುಂಡು ಇಟ್ಟು ಸಿಮೆಂಟ್ ಮೆತ್ತಿಬಿಡ್ತಾರೆ. ಹೊಗೆ ಕೊಳವೆಯ ಬಿಸಿಗೆ ಅದು ಮೆತ್ತಗಾಗುತ್ತೆ. ಗೋಡೆ ತೂತಿಗೆ ಹಾಕೋಕೆ ಉಪಕರಣದ ಜೊತೆ ಬರೋ ಲೋಹದ ಕವಚವೇ (ಸ್ಲೀವ್) ಇರಬೇಕು. ಅಡ್ಡ ಕೊಳವೆ ಹೊರಗೆ ಹೋಗ್ತಾ ಪ್ರತಿ ಅಡಿ ಉದ್ದಕ್ಕೆ ಕಾಲಿಂಚು ಏರಲಿ. ಕೆಲವು ಮಾಡೆಲ್‌ಗೆ ಮೊದಲು ಇಂತಿಷ್ಟು ಅಡಿ ನೇರ ಮೇಲೆ ಹೋಗಲೇಬೇಕು ಅಂತಿರುತ್ತೆ, ಕೈಪಿಡಿಯ ಚಿತ್ರ ನೋಡಿ.

ಗ್ರಿಲ್, ಗಾಜು ಹಾಕಿ ಮುಚ್ಚಿದ ಯುಟಿಲಿಟಿಗೆ ಕೊಳವೆಯ ಹೊರಬಾಯಿ ಬರಲೇಬಾರದು. ತೆರೆಯೋ ಕಿಟಕಿಯಿಂದ ಕನಿಷ್ಠ ಒಂದು ಅಡಿ ದೂರ ಅನ್ನೋದು ಕೆನಡಾ ನಿಯಮ. ಕಿಟಕಿ ಸದಾ ತೆರೆದಿರೋ ಊರಲ್ಲಿ ನಾನಾದರೆ ಅದಕ್ಕಿಂತ ಹೆಚ್ಚೇ ಬಿಡ್ತೀನಿ. ಮೂರಡಿ ಸೆಟ್‌ಬ್ಯಾಕ್ ಇರೋ ಸೈಟಿನಲ್ಲಿ ಪಕ್ಕದ ಮನೆಯವರ ಕಿಟಕಿಯೂ ಎದುರೇ ಇರುತ್ತೆ, ಅದನ್ನೂ ನೋಡಿ. ಆಮೇಲೆ ಪಾರಿವಾಳ, ಕಣಜ ಅಂತ ಹೊರಬಾಯಿಗೆ ಸೊಳ್ಳೆ ಪರದೆ ಬಿಗಿಯೋರಿದ್ದಾರೆ. ಧೂಳು ಕಟ್ಟಿದ ಪರದೆಯಿಂದ ಗಾಳಿ ನಿಂತು ಉರಿ ಸೋಮಾರಿಯಾಗಿ ತೇಲುತ್ತೆ, ಆಮೇಲೆ ಆರುತ್ತೆ. ತಯಾರಕರದೇ ಜಾಲರಿ ಹಾಕಿಸಿ.

ಗ್ಯಾಸ್ ಲೈನ್ ಅಡುಗೆಮನೆಯಿಂದ ಎಳೆಯೋದು ಬೇಡ, ಮೀಟರ್ ಹತ್ತಿರದಿಂದ ಪ್ರತ್ಯೇಕ ಕವಲು ಬರಲಿ. ಇಲ್ಲದಿದ್ದರೆ ಗೀಸರೂ ಒಲೆಯೂ ಒಟ್ಟಿಗೆ ಹತ್ತಿದಾಗ ಒತ್ತಡ ಬಿದ್ದು ಪೈಲಟ್ (ಬರ್ನರ್ ಹಚ್ಚೋ ಪುಟ್ಟ ಜ್ವಾಲೆ) ಆರುತ್ತೆ. ಮೀಟರ್ ಜಿ1.6 ಅನ್ನೋ ಅಳತೆಯದಾಗಿದ್ದರೆ ಅದರ ಗರಿಷ್ಠ ಗಂಟೆಗೆ 2.5 ಘನ ಮೀಟರ್, ಅಂದರೆ ಸುಮಾರು 26 ಕಿಲೋವ್ಯಾಟ್. ನಾಲ್ಕು ಬರ್ನರ್ ಒಲೆ, ಗ್ಯಾಸ್ ಗೀಸರ್, ಫೈರ್‌ಪ್ಲೇಸ್ ಮೂರೂ ಕೂಡಿದರೆ ಆ ಮಿತಿ ಮುಟ್ಟಿಬಿಡಬಹುದು. ಪೈಪ್ ಗ್ಯಾಸ್ ಲೈನನ್ನ ಪ್ಲಂಬರ್ ಕೈಗೆ ಕೊಡಬೇಡಿ, ಗ್ಯಾಸ್ ಕಂಪನಿಯವರೇ ಬಂದು ಬದಲಾಯಿಸಬೇಕು.

ಗೋಡೆಯೊಳಗೆ ಬಿಚ್ಚುವ ಜಾಯಿಂಟ್ ಇರಬಾರದು. ಒಲೆಯ ಕಿತ್ತಳೆ ಹೋಸ್ ಫೈರ್‌ಪ್ಲೇಸಿನ ಬಿಸಿ ಪೆಟ್ಟಿಗೆಯ ಹಿಂದೆ ಹಾಯಲೇಬಾರದು. ಅದೇ ಕೋಣೆಯಲ್ಲಿ, ಕೈಗೆ ಸಿಗೋ ಜಾಗದಲ್ಲಿ ಒಂದು ವಾಲ್ವ್, ಅದರ ಮುಂದೆ ಕೆಳಗಿಳಿದ ಮೂರಿಂಚಿನ ಕಸ ಹಿಡಿಯೋ ತುಂಡು. ಕೊಳವೆಯಲ್ಲಿ ಉಳಿದ ತುಕ್ಕು, ಕಬ್ಬಿಣದ ಚೂರು ಅದರಲ್ಲಿ ಕೂರುತ್ತೆ. ಇಲ್ಲದಿದ್ದರೆ ಸೀದಾ ಉಪಕರಣದ ವಾಲ್ವಿಗೇ ಹೋಗುತ್ತೆ.

ಒತ್ತಡ ಪರೀಕ್ಷೆ ಮಾಡುವಾಗ ಫೈರ್‌ಪ್ಲೇಸನ್ನ ಬಿಚ್ಚಿಟ್ಟಿರಬೇಕು. ಅದರ ವಾಲ್ವ್ ಅರ್ಧ ಪಿಎಸ್‌ಐ (ಸುಮಾರು 35 ಮಿಲಿಬಾರ್) ಒತ್ತಡಕ್ಕಿಂತ ಹೆಚ್ಚು ತಡೆಯಲ್ಲ, ನೀರಿನ ಲೈನ್ ಪರೀಕ್ಷಿಸೋ ಪಂಪ್ ಹಚ್ಚಿದರೆ ಹೊಸದಾಗೇ ಹಾಳು. ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಬೆಂಕಿಕಡ್ಡಿ ಗೀರಿ ನೋಡೋ ಮಹಾನುಭಾವರು ಈಗಲೂ ಇದ್ದಾರೆ, ಅಂಥವರನ್ನ ಗೇಟಿಂದಲೇ ಕಳಿಸಿ.

ಸಿಲಿಂಡರ್ ಆದರೆ, ಕೆಂಪು 14.2 ಕೆಜಿಯದು ಅಡುಗೆಗೆ ಅಂತಲೇ ಕೊಡೋದು, 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು. 20,000 ಬಿಟಿಯು ಉರಿಗೆ ಸುಮಾರು 40 ಗಂಟೆ ಬರುತ್ತೆ. ಅದನ್ನ ಸಂಪಿನ ಮುಚ್ಚಳದ ಹತ್ತಿರ ಇಡಬೇಡಿ, ಚರಂಡಿ ಛೇಂಬರ್ ಹತ್ತಿರವೂ ಬೇಡ. ಗಾಳಿಗಿಂತ ಭಾರದ ಗ್ಯಾಸ್, ಸೋರಿದರೆ ಸಂಪಿಗೇ ಇಳಿದು ಕೂರುತ್ತೆ.

ವೀಣಾ, ಕ್ಯಾಲ್ಗರಿ:
ಇಷ್ಟು ವಿವರಕ್ಕೆ ತುಂಬಾ ಥ್ಯಾಂಕ್ಸ್. ಮಗಳ ವಿಷಯ? ಗಾಜು ಮುಚ್ಚಿದ್ದೇ ಅಲ್ವಾ, ಸಾಕಲ್ಲ?

ಶ್ರೀಕಾಂತ, ಟೊರಾಂಟೊ:
ಸಾಲದು ಮೇಡಂ. ಆ ಗಾಜು 200 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಆರಿಸಿದ ಮೇಲೂ ತುಂಬಾ ಹೊತ್ತು ಬಿಸಿ ಹಾಗೇ ಇರುತ್ತೆ. ಉರಿ ಕಾಣದೇ ಇರೋ ಆ ಹೊತ್ತಲ್ಲೇ ಮಕ್ಕಳು ಎರಡೂ ಅಂಗೈ ಊರೋದು. 2015ರಿಂದ ಉತ್ತರ ಅಮೆರಿಕದ ಮಾನದಂಡದಲ್ಲಿ ಗಾಜಿನ ಮುಂದೆ ತಡೆ ಜಾಲರಿ ಕಡ್ಡಾಯ. ಚೆಂದ ಕೆಡುತ್ತೆ ಅಂತ ಇಂಟೀರಿಯರ್‌ನವರು ಅದನ್ನ ತೆಗೆದಿಡ್ತಾರೆ, ಬಿಡಬೇಡಿ. ಅದರ ಮುಂದೆ ಇನ್ನೊಂದು ಎರಡೂವರೆ ಅಡಿಯ ಗೇಟ್, ಗೋಡೆಗೆ ಸ್ಕ್ರೂ ಹಾಕಿದ್ದು. ರಿಮೋಟಿಗೆ ಚೈಲ್ಡ್ ಲಾಕ್. ಪ್ಲೈವುಡ್ ಪ್ಯಾನೆಲ್, ಪರದೆ, ಟಿವಿ, ಎಲ್ಲಕ್ಕೂ ಕೈಪಿಡಿಯ ದೂರ. ಸುತ್ತ ಗ್ರಾನೈಟ್ ಹಾಕಿಸಿದರೆ ಸುಟ್ಟುಹೋಗೋ ಚಿಂತೆ ಇಲ್ಲ, ಆದರೆ ಕಲ್ಲೂ ಕಾಯುತ್ತೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಲ್‌ನಲ್ಲಿ ಒಂದು, ಮಲಗೋ ಕೋಣೆ ಹತ್ತಿರ ಒಂದು. ಗ್ಯಾಸ್ ಸೋರಿಕೆ ಅಲಾರಂ ಬೇರೆ: ಸಿಲಿಂಡರ್ ಗ್ಯಾಸಾದರೆ ನೆಲದಿಂದ ಒಂದಡಿಯೊಳಗೆ, ಪೈಪ್ ಗ್ಯಾಸಾದರೆ ಸೀಲಿಂಗಿನಿಂದ ಒಂದಡಿಯೊಳಗೆ.

ಕೆನಡಾದಿಂದ ತರೋದಾದರೆ ಫ್ಯಾನ್ 120 ವೋಲ್ಟಿನದು, ಟ್ರಾನ್ಸ್‌ಫಾರ್ಮರ್ ಬೇಕು. ಕರೆಂಟ್ ಹೋದರೂ ಉರಿಬೇಕು ಅಂದರೆ ಸದಾ ಪೈಲಟ್ ಉರಿಯೋ, ಅದರ ಬಿಸಿಯಿಂದಲೇ ನಡೆಯೋ ಮಿಲಿವೋಲ್ಟ್ ವಾಲ್ವ್ ಮಾಡೆಲ್ ನೋಡಿ. ಮೊದಲ ಸಲ ಹಚ್ಚಿದಾಗ ಬಣ್ಣ ಸುಟ್ಟ ವಾಸನೆ ಮೂರು ನಾಲ್ಕು ಗಂಟೆ ಬರುತ್ತೆ, ಕಿಟಕಿ ತೆಗೆದಿಟ್ಟು ಮಗೂನ ಅಜ್ಜಿ ಮನೆಗೆ ಕಳಿಸಿ.

ಮಂಜುಳಾ, ಬೆಂಗಳೂರು:
ಒಂದು ಮಾತು ವೀಣಾ. ಇಲ್ಲಿ ಜನವರಿ ರಾತ್ರಿಯೂ ಸಾಮಾನ್ಯವಾಗಿ 15–16 ಡಿಗ್ರಿ. 6 ಕಿಲೋವ್ಯಾಟ್ ಉರಿಗೆ ಹಾಲ್ ಅರ್ಧ ಗಂಟೇಲಿ ಧಗಧಗ ಅನ್ನುತ್ತೆ. ಉರಿ ಕಣ್ಣಿಗೆ ಕಂಡರೆ ಸಾಕು ಅನ್ನೋದಾದರೆ 2 ಕಿಲೋವ್ಯಾಟಿನ ಎಲೆಕ್ಟ್ರಿಕ್ ಮಾಡೆಲ್‌ಗೆ ಒಂದು 16 ಆಂಪಿಯರ್ ಪಾಯಿಂಟ್ ಸಾಕು, ತೂತೂ ಬೇಡ ಪೈಪೂ ಬೇಡ. ಯಾವುದು ಅಂತ ಪ್ಲಾಸ್ಟರಿಂಗ್ ಶುರುವಾಗೋ ಮುಂಚೆ ಮೇಸ್ತ್ರಿಗೆ ತಿಳಿಸಿ, ಆಮೇಲೆ ಗೋಡೆ ಕೊರೆಯೋ ಕೋರ್ ಕಟ್ಟಿಂಗ್‌ನವರನ್ನ ಕರೆಸಿದರೆ ಖರ್ಚು ಬೇರೆ.