ಟ್ಯಾಟೂ ಆರ್ಟಿಸ್ಟ್ ಕೈ ನಿಜವಾಗ್ಲೂ ಚೆನ್ನಾಗಿದ್ಯಾ ಅಂತ ಹೆಂಗೆ ಕಂಡುಹಿಡಿಯೋದು?

ಹಕ್ಕಿಪುಕ್ಕ:
ನಮಸ್ಕಾರ ಎಲ್ರಿಗೂ. ಮೊದಲನೇ ಟ್ಯಾಟೂ ಹಾಕಿಸ್ಕೊಬೇಕು ಅಂತ ಒಂದು ವರ್ಷದಿಂದ ಅಂದ್ಕೊಂಡು ಅಂದ್ಕೊಂಡು ಈಗ ಕೊನೆಗೂ ಮನಸ್ಸು ಗಟ್ಟಿ ಮಾಡಿದೀನಿ. ಮುಂಗೈ ಒಳಭಾಗದಲ್ಲಿ ಒಂದು ಹಕ್ಕಿ ಪುಕ್ಕ, ಕೆಳಗೆ ಸಣ್ಣದಾಗಿ "ಧೈರ್ಯ" ಅಂತ ಕನ್ನಡದಲ್ಲಿ. ಇನ್‌ಸ್ಟಾದಲ್ಲಿ ಮೂರು ಜನ ಆರ್ಟಿಸ್ಟ್‌ಗಳ ಪೇಜ್ ಮೇಲೆ ಕೆಳಗೆ ಮಾಡ್ತಾ ಕೂತಿದೀನಿ, ಮೂವರದ್ದೂ ಸೂಪರ್ ಆಗೇ ಕಾಣುತ್ತೆ ನಂಗೆ. ಒಬ್ಬರಿಗೆ ಫಾಲೋವರ್ಸ್ ಜಾಸ್ತಿ, ಅಷ್ಟೇ ವ್ಯತ್ಯಾಸ. ನಂಗೆ ಚಿತ್ರ ಬಿಡಿಸೋದು ಒಂಚೂರೂ ಬರಲ್ಲ, ಹಾಗಾಗಿ ಯಾವುದು ಕೈಚಳಕ ಯಾವುದು ಫಿಲ್ಟರ್ ಅಂತ ತಿಳಿಯಲ್ಲ. ಗೊತ್ತಿರೋರು ಏನು ನೋಡ್ತೀರಾ?

ನಾಲ್ಕು_ಟ್ಯಾಟೂ_ಒಂದು_ತಪ್ಪು:
ಫಾಲೋವರ್ಸ್ ಲೆಕ್ಕ ಬಿಟ್ಟುಬಿಡಿ. ಹೀಲ್ ಆಗಿರೋ ಟ್ಯಾಟೂ ಫೋಟೋ ಎಷ್ಟಿದೆ ನೋಡಿ, ಪೇಜಲ್ಲಿ ಇಲ್ಲ ಅಂದ್ರೆ ಮೆಸೇಜ್ ಮಾಡಿ ಕೇಳಿ, ಒಂದು ವರ್ಷ ಆಗಿರೋದು ಎರಡು ವರ್ಷ ಆಗಿರೋದು ಕಳಿಸಿ ಅಂತ. ಆಗ ತಾನೇ ಹಾಕಿದ ಟ್ಯಾಟೂ ಯಾರದ್ದಾದ್ರೂ ಚೆನ್ನಾಗೇ ಕಾಣುತ್ತೆ ಯಾಕಂದ್ರೆ ಚರ್ಮದ ಮೇಲಿನ ಪದರದಲ್ಲೂ ಮಸಿ ತುಂಬಿರುತ್ತೆ, ಆ ಪದರ ಕೆಲವು ವಾರದಲ್ಲಿ ಉದುರಿ ಹೋದ್ಮೇಲೆ ಕೆಳಗೆ ಉಳಿಯುತ್ತಲ್ಲ ಅದೇ ನಿಮ್ಮ ನಿಜವಾದ ಟ್ಯಾಟೂ. ಅಂದಹಾಗೆ ಫ್ರೆಶ್ ಅಂತ ಹಾಕಿರೋ ಫೋಟೋದಲ್ಲಿ ಗೆರೆ ಸುತ್ತ ಒಂಚೂರೂ ಕೆಂಪಾಗಿಲ್ಲ ಅಂದ್ರೆ ಎಡಿಟ್ ಮಾಡಿರೋ ಸಾಧ್ಯತೆ ಜಾಸ್ತಿ, ಸೂಜಿ ಚುಚ್ಚಿಸ್ಕೊಂಡ ಚರ್ಮ ಅಷ್ಟು ಬೆಣ್ಣೆ ಥರ ಇರಲ್ಲ.

ನನ್ನ ಎರಡನೇದು ಪಾದದ ಗಂಟಿನ ಹತ್ರ ಒಂದು ಸಣ್ಣ ಬಳ್ಳಿ. ಹಾಕಿದ ದಿನ ಕೂದಲೆಳೆ ಥರ ಇತ್ತು, ಎಲ್ರಿಗೂ ತೋರಿಸ್ಕೊಂಡು ಓಡಾಡಿದ್ದೆ. ಒಂದು ವಾರ ಆಗೋ ಹೊತ್ತಿಗೆ ಗೆರೆ ಪಕ್ಕದಲ್ಲಿ ನೀಲಿ ನೆರಳು, ಒದ್ದೆ ಪೇಪರ್ ಮೇಲೆ ಇಂಕ್ ಪೆನ್ನಲ್ಲಿ ಬರೆದ್ರೆ ಹರಡುತ್ತಲ್ಲ ಹಾಗೆ. ಬ್ಲೋಔಟ್ ಅಂತಾರೆ, ಸೂಜಿ ಆಳಕ್ಕೆ ಹೋಗಿ ಮಸಿ ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಹರಡ್ಕೊಳ್ಳೋದು. ಹಾಕಿದೋರ ಹೆಸರು ಬೇಡ. ಅವರ ಪೇಜ್ ತುಂಬಾ ಫ್ರೆಶ್ ಫೋಟೋಗಳೇ ಇದ್ದಿದ್ದು, ನಾನು ಅದನ್ನ ಗಮನಿಸಲೇ ಇಲ್ಲ.

ಸುಮ್ನೆ_ಒಬ್ಬ:
ಏನ್ ಗುರು ಇಷ್ಟೊಂದು ತಲೆ ಕೆಡಿಸ್ಕೊಂಡಿದೀರಾ. ಡಿಸೈನ್ ಪ್ರಿಂಟ್ ತೆಗೆದು ಚರ್ಮದ ಮೇಲೆ ಅಂಟಿಸ್ತಾರೆ, ಅದರ ಮೇಲೆ ಮೆಷಿನ್ ಓಡಿಸ್ತಾರೆ. ಮೆಷಿನ್ ಚೆನ್ನಾಗಿದ್ರೆ ಕೆಲಸ ಚೆನ್ನಾಗಿರುತ್ತೆ.

ಲೈನರ್_7:
ಸುಮ್ನೆ ಒಬ್ಬ ಅವ್ರೇ, ಹೊಲಿಗೆ ಮೆಷಿನ್ ಚೆನ್ನಾಗಿದ್ರೆ ಬ್ಲೌಸ್ ತಾನಾಗೇ ಫಿಟ್ ಆಗುತ್ತೆ ಅಂದಂಗಾಯ್ತು 😄 ನಾನು ಒಂದೂವರೆ ವರ್ಷ ಒಬ್ಬ ಆರ್ಟಿಸ್ಟ್ ಹತ್ರ ಕಲಿಯೋಕೆ ಹೋಗಿ ಬಿಟ್ಟವನು, ಆ ಅನುಭವದ ಮೇಲೆ ಹೇಳ್ತೀನಿ. ಮೆಷಿನ್ ಮಾಡೋದು ಸೂಜಿನ ಮೇಲೆ ಕೆಳಗೆ ಆಡಿಸೋದು ಮಾತ್ರ. ಎಡಿಸನ್ನನ ಎಲೆಕ್ಟ್ರಿಕ್ ಪೆನ್ ಐಡಿಯಾ ಇಟ್ಕೊಂಡು ಸ್ಯಾಮ್ಯುಯೆಲ್ ಓರೈಲಿ ಅನ್ನೋರು ನ್ಯೂಯಾರ್ಕಲ್ಲಿ 1891ರಲ್ಲೇ ಟ್ಯಾಟೂ ಮೆಷಿನ್ನಿಗೆ ಪೇಟೆಂಟ್ ತಗೊಂಡ್ರು, ಆಮೇಲೆ ಬೇರೆ ಬೇರೆ ಥರದ ಮೆಷಿನ್ ಬಂತು, ಆದ್ರೆ ಎಷ್ಟು ಆಳ, ಯಾವ ಕೋನ, ಎಷ್ಟು ಸ್ಪೀಡಲ್ಲಿ ಎಳಿಬೇಕು ಅನ್ನೋದು ಇವತ್ತಿಗೂ ಕೈಯದ್ದೇ ಕೆಲಸ. ಮಸಿ ಕೂರಬೇಕಾದ ಜಾಗ ಸುಮಾರು 1ರಿಂದ 2 ಮಿಲಿಮೀಟರ್ ಆಳ, ಅಷ್ಟೇ. ಮೇಲಾದ್ರೆ ಉದುರಿ ತೇಪೆ ತೇಪೆ ಆಗುತ್ತೆ, ಕೆಳಗಾದ್ರೆ ಮೇಲಿನವರ ಬಳ್ಳಿ ಕಥೆ. ಅದೂ ಚರ್ಮ ಎಲ್ಲಾ ಕಡೆ ಒಂದೇ ದಪ್ಪ ಇರಲ್ಲ, ಮೂಳೆ ಮೇಲೆ ಒಂದು ಥರ, ಮಣಿಕಟ್ಟಲ್ಲಿ ಒಂದು ಥರ, ಜೊತೆಗೆ ಮನುಷ್ಯ ಉಸಿರಾಡ್ತಾ ಇರ್ತಾನೆ, ನೋವಿಗೆ ಕೈ ಎಳ್ಕೋತಾನೆ.

ನನ್ನ ಗುರುಗಳ ಬಲಗೈ ನೋಡ್ತಾ ಕಲೀತೀನಿ ಅಂದ್ಕೊಂಡಿದ್ದೆ, ಅವರು ಎಡಗೈ ನೋಡು ಅಂದ್ರು. ಎಡಗೈ ಹೆಬ್ಬೆರಳು ತೋರುಬೆರಳಲ್ಲಿ ಚರ್ಮ ಎರಡು ಕಡೆಗೆ ಹಿಗ್ಗಿಸಿ, ಮೆಷಿನ್ ಹಿಡಿದ ಕೈಯ ಕಿರುಬೆರಳ ಬದಿಯಿಂದ ಮೂರನೇ ಕಡೆಗೆ ತಳ್ಳಿ, ತಬಲಾ ಚರ್ಮದ ಥರ ಬಿಗಿ ಮಾಡ್ಕೊಂಡು ಆಮೇಲೆ ಉದ್ದ ಗೆರೆ ಒಂದೇ ಉಸಿರಲ್ಲಿ ಎಳೆಯೋರು. ನಾನು ಅಭ್ಯಾಸದ ಸಿಲಿಕೋನ್ ಹಾಳೆ ಮೇಲೆ ತಿಂಗಳುಗಟ್ಟಲೆ ಎಳೆದ್ರೂ ನನ್ನ ಗೆರೆ ಇರುವೆ ನಡೆದಂಗೇ ಇರೋದು, ಬಿಟ್ಟೆ.

ಹಾಗಾಗಿ ಫೋಟೋ ಜೂಮ್ ಮಾಡಿ ಉದ್ದ ಬಾಗಿದ ಗೆರೆ ನೋಡಿ. ಎಲ್ಲಿ ನಿಲ್ಲಿಸಿ ಎಲ್ಲಿ ಮತ್ತೆ ಶುರು ಮಾಡಿದಾರೆ ಅಂತ ಕಾಣಬಾರದು, ಎರಡು ಗೆರೆ ಸೇರೋ ಮೂಲೆಯಲ್ಲಿ ಚುಕ್ಕೆ ಥರ ದಪ್ಪ ಆಗಿರಬಾರದು. ನಿಮ್ಮದು ಪುಕ್ಕ, ನಡು ಕಾಂಡದ ಗೆರೆ ಬುಡದಲ್ಲಿ ದಪ್ಪ ಇದ್ದು ತುದಿಗೆ ಹೋಗ್ತಾ ಸಣ್ಣಗಾಗಿ ಮಾಯ ಆಗ್ಬೇಕು, ಅದು ಮಾಡೋರ ಕೈ ಬೇರೆನೇ. ದೊಡ್ಡ ದೊಡ್ಡ ಮುಖದ ಚಿತ್ರ ಸಖತ್ತಾಗಿ ಮಾಡೋರಿಗೆ ಸಣ್ಣ ಗೆರೆ ಬರ್ಲೇಬೇಕು ಅಂತೇನಿಲ್ಲ, ನಿಮಗೆ ಬೇಕಿರೋ ಥರದ್ದೇ ಅವರು ಎಷ್ಟು ಮಾಡಿದಾರೆ ನೋಡಿ, ಅದೂ ನಿಮ್ಮ ಮೈಬಣ್ಣದ ಹತ್ತಿರದವರ ಮೇಲೆ.

ಅಕ್ಷರ_ಹುಚ್ಚಿ:
ಎಲ್ರೂ ಪುಕ್ಕದ ಬಗ್ಗೆನೇ ಹೇಳ್ತಿದೀರಾ, ಆ ಪದದ ಕಥೆ ಯಾರೂ ಕೇಳ್ತಿಲ್ಲ. "ಸಣ್ಣದಾಗಿ ಧೈರ್ಯ" ಅಂದ್ರೆ ಎಷ್ಟು ಸಣ್ಣ? ದ ಹೊಟ್ಟೆ ಸೀಳಿದ್ರೆ ತಾನೇ ಧ, ಗೆರೆ ವರ್ಷ ವರ್ಷ ಒಂಚೂರು ದಪ್ಪ ಆಗೇ ಆಗುತ್ತೆ, ಆ ಸೀಳು ಮುಚ್ಕೊಂಡ್ರೆ ಹತ್ತು ವರ್ಷಕ್ಕೆ ನಿಮ್ಮ ಕೈ ಮೇಲೆ "ದೈರ್ಯ" ಉಳಿಯುತ್ತೆ. ಅಲ್ಪಪ್ರಾಣದ ಧೈರ್ಯ 🙈 ಐತ್ವ, ಅರ್ಕಾವೊತ್ತು ಎಲ್ಲಾ ಒಂದಕ್ಕೊಂದು ಅಂಟ್ಕೊಳ್ಳುತ್ತೆ.

ಇನ್ನೊಂದು, ಆರ್ಟಿಸ್ಟಿಗೆ ಕನ್ನಡ ಓದೋಕೆ ಬರದಿದ್ರೆ ಅವರ ಡಿಸೈನ್ ಸಾಫ್ಟ್‌ವೇರಲ್ಲಿ ಒತ್ತಕ್ಷರ ಒಡೆದು ಪಕ್ಕ ಪಕ್ಕ ಕೂತಿರೋದು ಅವರಿಗೆ ಗೊತ್ತೇ ಆಗಲ್ಲ. ನೀವೇ ಬರೆದು ಫೋಟೋ ತೆಗೆದು ಕೊಡಿ, ಸ್ಟೆನ್ಸಿಲ್ (ಚರ್ಮಕ್ಕೆ ಅಂಟಿಸೋ ಡಿಸೈನ್ ಪ್ರಿಂಟ್) ಚರ್ಮದ ಮೇಲೆ ಕೂತ್ಮೇಲೆ ಕನ್ನಡ ಬರೋ ಇನ್ನೊಬ್ಬರ ಹತ್ರ ಜೋರಾಗಿ ಓದಿಸಿ.

ನಾಲ್ಕು_ಟ್ಯಾಟೂ_ಒಂದು_ತಪ್ಪು:
ಅಯ್ಯೋ ಅಲ್ಪಪ್ರಾಣದ ಧೈರ್ಯ 😂😂 ಮರೆತಿದ್ದೆ, ಕ್ಲೀನ್ ಬಗ್ಗೆ ಹೇಳ್ಬೇಕಿತ್ತು. ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡಿಬೇಕು, ಮಸಿ ಬಾಟಲಿಗೆ ಸೂಜಿ ಅದ್ದೋದಲ್ಲ, ಸಣ್ಣ ಕಪ್ಪಿಗೆ ಸುರಿದು ಉಳಿದಿದ್ದು ಬಿಸಾಕ್ಬೇಕು.

ಲೈನರ್_7:
ಅದರ ಜೊತೆ ಗ್ಲೌಸ್ ನೋಡಿ. ಹಾಕ್ಕೊಂಡಿದಾರಾ ಅಂತ ಅಲ್ಲ, ಎಲ್ರೂ ಹಾಕ್ಕೋತಾರೆ. ನಿಮ್ಮ ರಕ್ತ ಮುಟ್ಟಿದ ಅದೇ ಗ್ಲೌಸಲ್ಲಿ ಫೋನ್ ಎತ್ತಿ ಹಾಡು ಬದಲಾಯಿಸಿದ್ರೆ ಎದ್ದು ಬನ್ನಿ. ಮೆಷಿನ್ನಿಗೆ ತೊಳೆದು ಮತ್ತೆ ಬಳಸೋ ಸ್ಟೀಲ್ ಹಿಡಿ ಇದ್ರೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಸಾಯಿಸೋ ಯಂತ್ರ) ತೋರಿಸಿ ಅನ್ನಿ, 121 ಡಿಗ್ರಿ ಹಬೆಯಲ್ಲಿ ಕನಿಷ್ಠ 15 ನಿಮಿಷ ಬೇಯಬೇಕು ಅದು, ಸ್ಪಿರಿಟ್ ಹಾಕಿ ಒರೆಸೋದೆಲ್ಲ ಲೆಕ್ಕಕ್ಕಿಲ್ಲ. ಕೇಳಿದ್ದಕ್ಕೆ ಮುಖ ಸಿಂಡರಿಸೋರ ಹತ್ರ ಹಾಕಿಸ್ಬೇಡಿ. ಬಣ್ಣ ಹಾಕಿಸೋ ಪ್ಲಾನ್ ಇದ್ರೆ, ಅಲರ್ಜಿ ಜಾಸ್ತಿ ಬರೋದು ಕೆಂಪು ಮಸಿಗೆ, ಅದೂ ತಲೇಲಿರಲಿ. ಗಾಯ ಆದ್ರೆ ಚರ್ಮ ಗಂಟು ಗಂಟಾಗಿ ಉಬ್ಬೋ ಸ್ವಭಾವ ಇದ್ರೆ ಮೊದಲು ಚರ್ಮದ ಡಾಕ್ಟರ್ ಹತ್ರ ಹೋಗಿ.

ಹಕ್ಕಿಪುಕ್ಕ:
ಮೂವರಿಗೂ ಹೀಲ್ ಆಗಿರೋ ಫೋಟೋ ಕೇಳಿ ಮೆಸೇಜ್ ಮಾಡಿದ್ದೆ. ಫಾಲೋವರ್ಸ್ ಜಾಸ್ತಿ ಇದ್ದೋರು "ಅಡ್ವಾನ್ಸ್ ಹಾಕಿ, ಬಂದಾಗ ತೋರಿಸ್ತೀವಿ" ಅಂದ್ರು. ಇನ್ನೊಬ್ಬರು ನೋಡಿ ಸುಮ್ನಾದ್ರು. ಮೂರನೇಯವರು ಆರು ಫೋಟೋ ಕಳಿಸಿದ್ರು, ಅದರಲ್ಲಿ ಒಂದಕ್ಕೆ "ಇದು ನನ್ನ ಕೈಯಿಂದ ಸ್ವಲ್ಪ ಜಾಸ್ತಿ ಆಳ ಆಗಿತ್ತು, ಬಲಗಡೆ ಗೆರೆ ನೋಡಿ" ಅಂತ ತಾವೇ ಬರೆದಿದ್ರು. ಇವತ್ತು ಹೋಗಿ ಮಾತಾಡ್ಕೊಂಡು ಬಂದೆ. ನಾನು ಹೇಳಿದ ಸೈಜಿಗೆ ಪದ ಹಾಕಲ್ಲ ಅಂದ್ರು! ದುಪ್ಪಟ್ಟು ದೊಡ್ಡದು ಮಾಡ್ಬೇಕು, ಇಲ್ಲಾಂದ್ರೆ ಪುಕ್ಕ ಮಾತ್ರ. ಪೇಪರಲ್ಲಿ ಕತ್ತರಿಸಿ ಕೈ ಮೇಲೆ ಇಟ್ಟು, ಎದ್ದು ನಿಲ್ಲಿಸಿ, ಕೈ ತಿರುಗಿಸಿ ಅಂತ ಹೇಳಿ, ತಿರುಗಿಸಿದಾಗ ಪುಕ್ಕ ಹೆಂಗೆ ಸೊಟ್ಟ ಆಗುತ್ತೆ ಅಂತ ತೋರಿಸಿದ್ರು. ಅರ್ಧ ಗಂಟೆ ಅದೇ ಆಯ್ತು.

ಮುಂದಿನ ತಿಂಗಳಿಗೆ ಡೇಟ್ ಸಿಕ್ಕಿದೆ. ಪದ ದೊಡ್ಡದು ಮಾಡೋದಾ ಬಿಡೋದಾ ಇನ್ನೂ ಗೊತ್ತಿಲ್ಲ.

ಅಕ್ಷರ_ಹುಚ್ಚಿ:
ದೊಡ್ಡದು ಮಾಡ್ಸಿ. ಬರೆದು ಇಲ್ಲಿ ಹಾಕಿ, ಅರ್ಕಾವೊತ್ತು ನಾನು ಚೆಕ್ ಮಾಡ್ತೀನಿ.