ಕ್ಯಾಶುಯಾಲ್ಟಿಗೆ ಹಾಕಿದ್ದಾರೆ, ಯಾವ ಟ್ರೈನಿಂಗ್ ಮೊದಲು ಮಾಡಲಿ?

ಕೇಳಿದವರು: ಚಿಂತಾಮಣಿ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), 4 ವರ್ಷ ಸರ್ವೀಸ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಹೆರಿಗೆ ವಾರ್ಡಿನಲ್ಲಿದ್ದೆ. ಹೋದ ತಿಂಗಳಿಂದ ಕ್ಯಾಶುಯಾಲ್ಟಿಗೆ, ಅಂದರೆ ಎಮರ್ಜೆನ್ಸಿ ವಿಭಾಗಕ್ಕೆ, ಹಾಕಿದ್ದಾರೆ. ನೈಟ್ ಡ್ಯೂಟಿಯಲ್ಲಿ ಒಬ್ಬರು ಡಾಕ್ಟರು, ನಾನು, ಒಬ್ಬ ವಾರ್ಡ್ ಬಾಯ್, ಅಷ್ಟೇ. ಆಂಬುಲೆನ್ಸ್ ಸದ್ದು ಕೇಳಿದರೆ ಕೈ ತಣ್ಣಗಾಗುತ್ತೆ. ಬಿಎಲ್‌ಎಸ್ (ಎದೆ ಒತ್ತಿ ಉಸಿರು ಕೊಡೋದು) ಮಾಡು, ಎಸಿಎಲ್‌ಎಸ್ (ಅದರ ಮುಂದಿನ ಹಂತ, ಔಷಧಿ, ಶಾಕ್ ಸೇರಿ) ಮಾಡು, ಟ್ರಾಮಾ (ಅಪಘಾತದ ಗಾಯ) ಕೋರ್ಸು ಮಾಡು, ಒಂದು ವರ್ಷದ ಡಿಪ್ಲೊಮಾನೇ ಮಾಡಿಬಿಡು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಮಗುವಿಗೆ ಎರಡೂವರೆ ವರ್ಷ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಮಾತಾಡೋಕೆ ಬಾಯಿ ಬರಲ್ಲ. ಮಾಡಿದವರು ಯಾವುದು ಮೊದಲು ಅಂತ ಹೇಳಿ, ಪ್ಲೀಸ್.

ಕೋಲಾರ, ಕ್ಯಾಶುಯಾಲ್ಟಿಯಲ್ಲಿ 11 ವರ್ಷ

ಸಿಸ್ಟರ್, ಮೊದಲು ಬಿಎಲ್‌ಎಸ್. ಅದರಲ್ಲಿ ಎರಡು ಮಾತಿಲ್ಲ. ಒಂದೇ ದಿನದ್ದು, ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ನಾನು ಈ ಬುದ್ಧಿ ಕಲಿತದ್ದು ಪೆಟ್ಟು ತಿಂದ ಮೇಲೆ. ಆಗ ಬೇರೆ ಕಡೆ ಕೆಲಸದಲ್ಲಿದ್ದೆ, ಹೆಸರು ಬೇಡ. ರಾತ್ರಿ ಎರಡರ ಹೊತ್ತಿಗೆ ಐವತ್ತರ ಆಸುಪಾಸಿನ ಒಬ್ಬರನ್ನು ಕರೆತಂದರು. ಟ್ರಾಲಿ ಮೇಲೆ ಮಲಗಿಸುವಾಗ ಮಾತಾಡುತ್ತಿದ್ದರು. ಶರ್ಟು ಬಿಚ್ಚುವಷ್ಟರಲ್ಲಿ ಪಲ್ಸ್ ಇಲ್ಲ. ನಾವು ಐದು ಜನ ಇದ್ದೆವು, ಕಡಿಮೆ ಏನಲ್ಲ. ಇಬ್ಬರು ಡ್ರಿಪ್ ಲೈನ್ ಹಾಕಲು ಒಂದೇ ಕೈಗೆ ಬಿದ್ದೆವು. ಎದೆ ಒತ್ತುತ್ತಿದ್ದವರು ಒಬ್ಬರೇ, ಸುಸ್ತಾದರೂ ಬದಲಿಗೆ ಯಾರೂ ಬರಲಿಲ್ಲ. ಗಂಟಲೊಳಗೆ ನೋಡಿ ಉಸಿರಿನ ಟ್ಯೂಬ್ ಹಾಕೋಕೆ ಲ್ಯಾರಿಂಗೋಸ್ಕೋಪ್ ತೆಗೆದರೆ ಬಲ್ಬ್ ಹತ್ತಲಿಲ್ಲ. ನಿಂತ ಹೃದಯಕ್ಕೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಎಷ್ಟು ಸಲ ಹೋಯಿತು ಅಂತ ಡಾಕ್ಟರು ಕೇಳಿದರೆ ಒಬ್ಬಳು ಎರಡು ಅಂದಳು, ನಾನು ಮೂರು ಅಂದೆ. ಕೊನೆಗೆ ಟ್ರೇಯಲ್ಲಿದ್ದ ಒಡೆದ ಆಂಪೂಲ್‌ಗಳನ್ನು ಎಣಿಸಿದೆವು. ಅವರು ಉಳಿಯಲಿಲ್ಲ. ಎಲ್ಲ ಸರಿಯಾಗಿ ಮಾಡಿದ್ದರೂ ಉಳಿಯುತ್ತಿದ್ದರೋ ಇಲ್ಲವೋ. ಆದರೆ ಆ ಗಾಜಿನ ಚೂರು ಎಣಿಸಿದ್ದು ಮಾತ್ರ ಇವತ್ತಿಗೂ ಕಣ್ಣ ಮುಂದೆ ಬರುತ್ತೆ.

ಅದಾದ ಮೇಲೆ ಬಿಎಲ್‌ಎಸ್‌ಗೆ ಹೋದೆ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, 30 ಒತ್ತಿದರೆ 2 ಉಸಿರು. ಇದೆಲ್ಲ ನನಗೆ ಬಾಯಿಪಾಠ ಇತ್ತು. ಗೊಂಬೆ ಮೇಲೆ ಒತ್ತಿದಾಗ ಗೊತ್ತಾಯಿತು, ಇಷ್ಟು ವರ್ಷ ನಾನು ಒತ್ತುತ್ತಿದ್ದುದು ಅದರ ಅರ್ಧ ಆಳ ಇರಬೇಕು. ಇನ್ನೊಂದು ತಪ್ಪು, ಎದೆ ಪೂರ್ತಿ ಮೇಲೆ ಏಳುವ ಮುಂಚೆಯೇ ಮತ್ತೆ ಒತ್ತುತ್ತಿದ್ದೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅಂತ ಯಾಕೆ ಹೇಳುತ್ತಾರೆ ಅಂತ ಅವತ್ತು ನನ್ನ ಭುಜಕ್ಕೆ ಅರ್ಥವಾಯಿತು.

ಎಸಿಎಲ್‌ಎಸ್ ತಕ್ಷಣ ಬೇಡ. ನಾಲ್ಕೈದು ತಿಂಗಳು ಕ್ಯಾಶುಯಾಲ್ಟಿಯಲ್ಲಿ ಮಾನಿಟರ್ ನೋಡಿ, ಇಸಿಜಿ ತೆಗೆಯಿರಿ, ಆಮೇಲೆ ಹೋಗಿ. ಅದು ಎರಡು ದಿನದ್ದು. ಹೋಗುವ ಮುಂಚೆಯೇ ಆನ್‌ಲೈನ್‌ನಲ್ಲಿ ಒಂದು ಪರೀಕ್ಷೆ, ಅದರಲ್ಲಿ 70 ಪರ್ಸೆಂಟ್ ಬರಬೇಕು. ಕೊನೆಯ ಪರೀಕ್ಷೆಗೆ 84. ಮಾನಿಟರಿನಲ್ಲಿ ಹೃದಯ ಬಡಿತದ ರಿದಮ್ ಗುರುತಿಸಲು ಬರದೆ ಹೋದರೆ ದುಡ್ಡು ದಂಡ. ಯಾವುದಕ್ಕೆ ಶಾಕ್ ಕೊಡಬೇಕು, ಯಾವುದಕ್ಕೆ ಕೊಡಬಾರದು, ಅಷ್ಟನ್ನಾದರೂ ಮನೆಯಲ್ಲೇ ತಿದ್ದಿಕೊಂಡು ಹೋಗಿ. ಅಡ್ರಿನಲಿನ್ 1 ಎಂಜಿ, 3ರಿಂದ 5 ನಿಮಿಷಕ್ಕೊಮ್ಮೆ. ಬಡಿತ ಸರಿಪಡಿಸುವ ಅಮಿಯೋಡರೋನ್ ಮೊದಲು 300 ಎಂಜಿ, ಎರಡನೇ ಸಲ 150. ಇದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಸಿಗದೇ ಇರೋದು ಜೋರಾಗಿ ಬಾಯಿಬಿಟ್ಟು ಹೇಳುವ ಅಭ್ಯಾಸ. ಡಾಕ್ಟರು ಹೇಳಿದ ಆರ್ಡರನ್ನು ವಾಪಸ್ ಹೇಳಬೇಕು, ಕೊಟ್ಟ ಮೇಲೆ "ಅಡ್ರಿನಲಿನ್ ಒಂದು ಎಂಜಿ ಹೋಯಿತು, ಟೈಮ್ ಎರಡು ಹದಿನಾಲ್ಕು" ಅಂತ ಕೂಗಬೇಕು, ಒಬ್ಬರು ಬರೆದುಕೊಳ್ಳಬೇಕು. ಮೊದಲು ನಾಟಕ ಆಡಿದ ಹಾಗೆ ನಾಚಿಕೆ ಆಗುತ್ತೆ. ಆದರೆ ಇಡೀ ಎರಡು ದಿನದಲ್ಲಿ ನನ್ನ ಕೆಲಸಕ್ಕೆ ಬಂದದ್ದು ಇದೇ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಔಷಧಿ ಹೆಸರು, ಡೋಸು, ರಿದಮ್ ಇಷ್ಟು ಇಂಗ್ಲಿಷ್‌ನಲ್ಲಿ ಬಂದರೆ ಸಾಕು. ಉಳಿದದ್ದನ್ನು ನಾನು ಕನ್ನಡದಲ್ಲೇ ಹೇಳಿದೆ, ನಡುವೆ ನಮ್ಮ ಕೋಲಾರದ ತೆಲುಗೂ ಬಂತು. ಪಾಸಾದೆ.

ಎರಡೂ ಸೇರಿ ನನ್ನ ಆಗಿನ ಸಂಬಳದ ಅರ್ಧ ಹೋಯಿತು. ಕಾರ್ಡು ಎರಡೇ ವರ್ಷ ನಡೆಯುತ್ತೆ, ಮತ್ತೆ ಮಾಡಬೇಕು. ಅದಕ್ಕೇ ಎರಡನ್ನೂ ಒಟ್ಟಿಗೆ ಮಾಡಿ ಕೈ ಖಾಲಿ ಮಾಡಿಕೊಳ್ಳಬೇಡಿ. ಪುಸ್ತಕ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ವರ್ಷ ನೋಡಿ. 2020ರ ಗೈಡ್‌ಲೈನ್ ಆದ ಮೇಲೆ 2025ರಲ್ಲಿ ಹೊಸದು ಬಂದಿದೆ.

ಗೌರಿಬಿದನೂರು, ಖಾಸಗಿ ಆಸ್ಪತ್ರೆ

ಒಂದು ಎಚ್ಚರಿಕೆ. ನಾನು ಮೊದಲು ದುಡ್ಡು ಕಟ್ಟಿದ್ದು ಮೊಬೈಲಿನಲ್ಲೇ ಮುಗಿಯುವ ಕೋರ್ಸಿಗೆ. ಒಂದು ಗಂಟೆ ವಿಡಿಯೋ, ಹತ್ತು ಪ್ರಶ್ನೆ, ಬಣ್ಣಬಣ್ಣದ ಸರ್ಟಿಫಿಕೇಟ್. ಇಂಟರ್‌ವ್ಯೂನಲ್ಲಿ ಕೊಟ್ಟಾಗ "ಗೊಂಬೆ ಮೇಲೆ ಪ್ರಾಕ್ಟೀಸ್ ಮಾಡಿದ್ರಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಇಲ್ಲ ಅಂದೆ. ಕಾಗದ ಮಡಚಿ ವಾಪಸ್ ಕೊಟ್ಟರು. ಗೊಂಬೆ ಇಲ್ಲದ ಕಡೆ ಒಂದು ರೂಪಾಯಿನೂ ಕಟ್ಟಬೇಡಿ.

ಸುಮ್ನೆ ಓದೋಕೆ ಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ರೆಡ್‌ಕ್ರಾಸ್ ಸೇರಿ 2018ರಲ್ಲಿ ಮಾಡಿದ ಬೇಸಿಕ್ ಎಮರ್ಜೆನ್ಸಿ ಕೇರ್ ಪುಸ್ತಕ ಇದೆ. ಉಚಿತವಾಗಿ ಇಳಿಸಿಕೊಳ್ಳಬಹುದು. ಸೌಕರ್ಯ ಕಡಿಮೆ ಇರುವ ಆಸ್ಪತ್ರೆಗಳಿಗೆ ಅಂತಲೇ ಬರೆದದ್ದು, ಅಂದರೆ ನಮಗೇ.

ತುಮಕೂರು, ಹೈವೇ ಪಕ್ಕದ ಆಸ್ಪತ್ರೆ, ಬ್ರದರ್

ನಮ್ಮಲ್ಲಿ ಬರೋದು ಜಾಸ್ತಿ ಆಕ್ಸಿಡೆಂಟ್ ಕೇಸು. ಶಿರಾ ಕಡೆಯಿಂದ, ನೆಲಮಂಗಲ ಕಡೆಯಿಂದ, ಎರಡೂ ದಿಕ್ಕಿನಿಂದ. ಅದಕ್ಕೇ ನಾನು ಟ್ರಾಮಾ ಕಡೆ ಹೋದೆ. ಡಾಕ್ಟರುಗಳಿಗೆ ಎಟಿಎಲ್‌ಎಸ್ ಅಂತ ಟ್ರಾಮಾ ಕೋರ್ಸು ಇದೆಯಲ್ಲ, ಅದರ ಜೊತೆಜೊತೆಗೇ ನರ್ಸುಗಳಿಗೆ ಎಟಿಸಿಎನ್ ನಡೆಯುತ್ತೆ. ಎಲ್ಲ ಕಡೆ ಇರಲ್ಲ, ಸೀಟೂ ಕಡಿಮೆ. ಕ್ಯಾಶುಯಾಲ್ಟಿಗೆ ಬಂದ ಮೊದಲ ವರ್ಷವೇ ಅದರ ಹಿಂದೆ ಬೀಳಬೇಡಿ.

ಆದರೆ ಅಲ್ಲಿ ಕಲಿತ ಒಂದು ವಿಷಯ ಇವತ್ತೇ ಹೇಳಿಬಿಡುತ್ತೇನೆ, ಕೋರ್ಸಿಗೆ ಹೋಗುವವರೆಗೆ ಕಾಯುವುದು ಬೇಡ. ಸೊಂಟದ ಮೂಳೆ ಮುರಿದಿರಬಹುದು ಅನ್ನಿಸಿದರೆ ಬೆಡ್‌ಶೀಟ್ ಮಡಚಿ ಬಿಗಿಯಾಗಿ ಕಟ್ಟುತ್ತೇವಲ್ಲ, ನಾವೆಲ್ಲ ಅದನ್ನು ಪ್ಯಾಂಟಿನ ಬೆಲ್ಟ್ ಇರುವ ಕಡೆ ಕಟ್ಟುತ್ತಿದ್ದೆವು. ಅದು ತಪ್ಪು ಜಾಗ. ತೊಡೆಯ ಮೇಲ್ಭಾಗದಲ್ಲಿ ಪಕ್ಕಕ್ಕೆ ಮೂಳೆ ಉಬ್ಬಿ ಕೈಗೆ ಸಿಗುತ್ತಲ್ಲ, ಬಟ್ಟೆ ಅಲ್ಲಿ ಕೂರಬೇಕು. ಪ್ಯಾಂಟಿನ ಜೇಬಿನಲ್ಲಿ ಮೊಬೈಲು, ಬೀಗದ ಕೈ ಇದ್ದರೆ ಮೊದಲು ತೆಗೆಯಬೇಕು. ಕಟ್ಟಿದ ಮೇಲೆ ಪದೇ ಪದೇ ಸೊಂಟ ಒತ್ತಿ ನೋಡಬಾರದು. ನಮ್ಮಲ್ಲಿ ಪ್ರತಿಯೊಬ್ಬರೂ ಬಂದು ಒಂದೊಂದು ಸಲ ಒತ್ತಿ ನೋಡುತ್ತಿದ್ದರು!

ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಕೂಡ ಹಾಗೇ. ಜಾಸ್ತಿ ರಕ್ತ ಹೋಗುತ್ತಿದ್ದರೆ ಗಾಯ ಆದ 3 ಗಂಟೆ ಒಳಗೆ 1 ಗ್ರಾಂ, 10 ನಿಮಿಷದಲ್ಲಿ ನಿಧಾನವಾಗಿ. ಆರ್ಡರು ಡಾಕ್ಟರದ್ದೇ. ಆದರೆ "ಗಾಯ ಆಗಿ ಎಷ್ಟು ಹೊತ್ತಾಯಿತು?" ಅಂತ 108 ಆಂಬುಲೆನ್ಸಿನವರನ್ನು ಕೇಳಿ ಬರೆದಿಡೋದು ನಮ್ಮ ಕೆಲಸ. ಅವರು ಟ್ರಾಲಿ ವಾಪಸ್ ತೆಗೆದುಕೊಂಡು ಹೊರಟುಹೋದರೆ ಆಮೇಲೆ ಯಾರನ್ನು ಕೇಳ್ತೀರಿ?

ಚಿಕ್ಕಬಳ್ಳಾಪುರ, ಡಿಪ್ಲೊಮಾ ಮಾಡಿದವಳು

ಒಂದು ವರ್ಷದ್ದರ ಬಗ್ಗೆ ಹೇಳುತ್ತೇನೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಪೋಸ್ಟ್ ಬೇಸಿಕ್ ಡಿಪ್ಲೊಮಾದಲ್ಲಿ ಎಮರ್ಜೆನ್ಸಿ ಅಂಡ್ ಡಿಸಾಸ್ಟರ್ ನರ್ಸಿಂಗ್ ಅಂತ ಒಂದು, ಕ್ರಿಟಿಕಲ್ ಕೇರ್ ಅಂತ ಇನ್ನೊಂದು ಇದೆ. ರಿಜಿಸ್ಟರ್ ಆಗಿದ್ದು ಒಂದು ವರ್ಷ ಕೆಲಸ ಮಾಡಿದ್ದರೆ ಜಿಎನ್‌ಎಂನವರೂ ಸೇರಬಹುದು. ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸು ಬೇರೆ, ಅದಕ್ಕೆ ಬಿಎಸ್ಸಿ ಬೇಕು. ಜಿಎನ್‌ಎಂ ಆದವರು ಮೊದಲು ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸಿರಬೇಕು.

ನನಗೆ ಆ ಒಂದು ವರ್ಷ ತುಂಬಾ ಕೊಟ್ಟಿತು. ವೆಂಟಿಲೇಟರ್ ಅಲಾರಂ ಹೊಡೆದರೆ ಈಗ ಮೊದಲು ಪೇಶೆಂಟ್ ನೋಡುತ್ತೇನೆ, ಆಮೇಲೆ ಮೆಷಿನ್. ಮುಂಚೆ ಮೆಷಿನ್ನಿನ ಬಾಯಿ ಮುಚ್ಚಿಸೋಕೆ ಓಡುತ್ತಿದ್ದೆ. ಆದರೆ ಸಂಬಳ ಎಷ್ಟು ಏರಿತು ಅಂತ ಕೇಳಬೇಡಿ. ಹೇಳಿಕೊಳ್ಳುವಷ್ಟೇನೂ ಇಲ್ಲ. ಮಗು ಚಿಕ್ಕದಿರುವಾಗ, ಸಾಲ ಮಾಡಿ, ಬೇಡ ಅನ್ನುತ್ತೇನೆ. ಮಗು ಸ್ಕೂಲಿಗೆ ಸೇರಲಿ. ಅಷ್ಟರಲ್ಲಿ ನಿಮಗೆ ಎಮರ್ಜೆನ್ಸಿ ಇಷ್ಟವೋ ಅಲ್ಲವೋ ಅಂತಲೂ ಗೊತ್ತಾಗಿರುತ್ತೆ. ಕೆಲವರಿಗೆ ಆಗಿಬರಲ್ಲ, ಅದು ತಪ್ಪೇನೂ ಅಲ್ಲ.

ಸೇರುವಾಗ ಎರಡು ಕೇಳಿ. ಕಾಲೇಜಿಗೆ ಆ ಕೋರ್ಸಿಗೇ ಕೌನ್ಸಿಲ್ ಅನುಮತಿ ಇದೆಯಾ? ಡ್ಯೂಟಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ದಿನಕ್ಕೆ ಎಷ್ಟು ಕೇಸು ಬರುತ್ತೆ? ಖಾಲಿ ಕ್ಯಾಶುಯಾಲ್ಟಿಯಲ್ಲಿ ಒಂದು ವರ್ಷ ನಿಂತರೆ ಕಾಲು ನೋವು ಬಿಟ್ಟು ಬೇರೇನೂ ಬರಲ್ಲ.

ಶ್ರೀನಿವಾಸಪುರ

ಎಲ್ಲರೂ ಹೇಳಿದ್ದು ಸರಿ. ಆದರೆ ನಮ್ಮ ತಾಲ್ಲೂಕುಗಳಿಗೆ ಬರುವ ಎರಡು ಕೇಸುಗಳಿಗೆ ಈ ಕಾರ್ಡುಗಳು ಸಾಲಲ್ಲ. ಹಾವು ಮತ್ತು ಬೆಳೆಗೆ ಹೊಡೆಯುವ ಔಷಧಿ.

ಟೊಮೇಟೊ ತೋಟದಲ್ಲಿ ಔಷಧಿ ಹೊಡೆಯುತ್ತಾ ಬಿದ್ದವರು ಬರುತ್ತಾರೆ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯಲ್ಲಿ ಗೊರಗೊರ. ಮೊದಲು ಗ್ಲೌಸ್ ಹಾಕಿ, ಬಟ್ಟೆ ಪೂರ್ತಿ ತೆಗೆದು ಕವರಿನಲ್ಲಿ ಕಟ್ಟಿ, ಸೋಪು ನೀರಿನಲ್ಲಿ ಮೈ ತೊಳೆಯಿರಿ. ಒಂದು ಸಲ ನಾನು ಗ್ಲೌಸ್ ಇಲ್ಲದೆ ಬಟ್ಟೆ ತೆಗೆದು ಆಮೇಲೆ ತಲೆಸುತ್ತಿ ಕೂತಿದ್ದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಅಂತ ಗೊತ್ತಾದರೆ ಅದಕ್ಕೆ ಮದ್ದು ಅಟ್ರೋಪಿನ್. ಒಂದು ಆಂಪೂಲ್‌ನಲ್ಲಿ ಇರೋದು 0.6 ಎಂಜಿ. ಮೊದಲ ಡೋಸು 1.8 ಅಂದರೆ ಮೂರು ಆಂಪೂಲ್. ಐದು ನಿಮಿಷಕ್ಕೆ ಎದೆ ಕ್ಲಿಯರ್ ಆಗಲಿಲ್ಲ ಅಂದರೆ ಡಬಲ್, ಆರು. ಆಮೇಲೆ ಹನ್ನೆರಡು. ಡಾಕ್ಟರು ಒಂದು ಮಾತು ಹೇಳಿ ಆ ಕಡೆ ತಿರುಗುತ್ತಾರೆ, ಇಲ್ಲಿ ಒಡೆಯುವವರ ಬೆರಳಿನ ಗತಿ ಕೇಳಿ. ಹತ್ತಿ ಸುತ್ತಿ ಒಡೆಯಿರಿ, ಒಬ್ಬರು ಒಡೆದರೆ ಇನ್ನೊಬ್ಬರು ಎಳೆಯಲಿ. ಸ್ಟಾಕ್ ಎಲ್ಲಿದೆ ಅಂತ ಡ್ಯೂಟಿಗೆ ಬಂದ ತಕ್ಷಣ ನೋಡಿಟ್ಟುಕೊಳ್ಳಿ.

ಹಾವು ಕಚ್ಚಿದ್ದಕ್ಕೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಟೆಸ್ಟು. ಒಣಗಿದ, ಹೊಸ ಗಾಜಿನ ಟ್ಯೂಬೇ ಆಗಬೇಕು. ಸೋಪು ಪುಡಿಯಲ್ಲಿ ತೊಳೆದಿದ್ದರೆ ರಕ್ತ ಸರಿಯಿದ್ದರೂ ಗಟ್ಟಿಯಾಗದೆ ಹೋಗಬಹುದು. 2 ಎಂಎಲ್ ಹಾಕಿ ಅಲುಗಾಡಿಸದೆ ಇಡಿ. ನಡುನಡುವೆ ಎತ್ತಿ ನೋಡೋ ಚಪಲ ಬೇಡ. ಎಎಸ್‌ವಿ (ಹಾವಿನ ವಿಷಕ್ಕೆ ಮದ್ದು) ಪುಡಿಗೆ ನೀರು ಹಾಕಿದ ಮೇಲೆ ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ. ಕುಲುಕಿದರೆ ನೊರೆ ಬಂದು ಸಿರಿಂಜಿಗೇ ಏರಲ್ಲ. ಹತ್ತು ವೈಯಲ್ ಕಲಸೋಕೆ ಸಮಯ ಬೇಕು, ಅಷ್ಟರಲ್ಲಿ ಮನೆಯವರು ಬಾಗಿಲು ಬಡಿಯುತ್ತಿರುತ್ತಾರೆ. ಡ್ರಿಪ್ ಶುರು ಮಾಡುವ ಮುಂಚೆ, ರಿಯಾಕ್ಷನ್ ಆದರೆ ಬೇಕಾಗುತ್ತೆ ಅಂತ, ಅಡ್ರಿನಲಿನ್ ಎಳೆದು ಪಕ್ಕದಲ್ಲೇ ಇಟ್ಟಿರಿ. ಕೇಸನ್ನು ರಿಪೋರ್ಟ್ ಮಾಡೋದು ಮರೆಯಬೇಡಿ, 2024ರಿಂದ ನಮ್ಮ ರಾಜ್ಯದಲ್ಲಿ ಅದು ಕಡ್ಡಾಯ.

ಇದನ್ನು ಕಲಿಸೋಕೆ ನಿಮ್ಮ ಡಾಕ್ಟರನ್ನೇ ಕೇಳಿ. ಬಿಡುವಿದ್ದಾಗ ಅರ್ಧ ಗಂಟೆ ಸಾಕು. ಬೈಯುತ್ತಾರೆ ಅಂದುಕೊಂಡಿದ್ದೆ, ನಮ್ಮವರು ಖುಷಿಯಾಗಿ ಹೇಳಿಕೊಟ್ಟರು.

ಕೋಲಾರ, ನಿವೃತ್ತ ಇನ್‌ಚಾರ್ಜ್ ಸಿಸ್ಟರ್

ನೋಡಮ್ಮಾ, ಮೇಲೆ ಒಬ್ಬಳು ಲ್ಯಾರಿಂಗೋಸ್ಕೋಪ್ ಬಲ್ಬ್ ಹತ್ತಲಿಲ್ಲ ಅಂತ ಬರೆದಿದ್ದಾಳಲ್ಲ, ಅದು ಟ್ರೈನಿಂಗ್ ಇಲ್ಲದ್ದಕ್ಕೆ ಆದದ್ದಲ್ಲ. ಹಿಂದಿನ ಶಿಫ್ಟಿನವರು ನೋಡದೆ ಸಹಿ ಹಾಕಿದ್ದಕ್ಕೆ ಆದದ್ದು. ನೀನು ನಾಳೆಯಿಂದಲೇ ಹ್ಯಾಂಡೋವರ್ ತಗೊಳ್ಳುವಾಗ ಬಲ್ಬ್ ಹತ್ತಿಸಿ ನೋಡು. ಉಸಿರು ಕೊಡುವ ಅಂಬು ಬ್ಯಾಗ್ ಅಂಗೈಗೆ ಒತ್ತಿಕೊಂಡು ಹಿಂಡಿ ನೋಡು. ಸಕ್ಷನ್ ಹಾಕಿ ಪೈಪಿಗೆ ಬೆರಳಿಟ್ಟು ಎಳೆಯುತ್ತಾ ನೋಡು. ಸಿಲಿಂಡರ್ ಮುಳ್ಳು ನೋಡು, ಕೀ ಎಲ್ಲಿದೆ ನೋಡು. ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜಿಗೆ ಹಾಕಿದೆಯಾ ನೋಡು, ಪ್ಲಗ್ ಅಲ್ಲ, ಲೈಟು. ಐದು ನಿಮಿಷದ ಕೆಲಸ. ನನ್ನ ಹುಡುಗಿಯರು ನನ್ನನ್ನು ಬೈದುಕೊಂಡೇ ಮಾಡುತ್ತಿದ್ದರು.

ಇನ್ನೊಂದು. ನಮ್ಮ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಐದು ವರ್ಷಕ್ಕೆ 150 ಗಂಟೆ ಸಿಎನ್‌ಇ (ಕೆಲಸದಲ್ಲಿದ್ದುಕೊಂಡೇ ಮುಂದುವರಿಸುವ ನರ್ಸಿಂಗ್ ಕಲಿಕೆ) ಕೇಳುತ್ತಾರೆ. ಯಾವ ಕೋರ್ಸಿಗೆ ಹೋದರೂ ಕೌನ್ಸಿಲ್‌ನ ಕ್ರೆಡಿಟ್ ಗಂಟೆ ಸಿಗುತ್ತಾ ಅಂತ ಮೊದಲೇ ಕೇಳಿಕೋ. ಆಸ್ಪತ್ರೆಯವರು ಫೀಸು ಕಟ್ಟುತ್ತೇವೆ ಅಂದರೆ ಸಂತೋಷ, ಆದರೆ ಎಷ್ಟು ವರ್ಷದ ಬಾಂಡ್ ಅಂತ ಓದದೆ ಸಹಿ ಹಾಕಬೇಡ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ನಿನ್ನೆ ರಾತ್ರಿ ಬಲ್ಬ್ ಹತ್ತಿಸಿ ನೋಡಿದೆ ಅಮ್ಮಾ, ಹತ್ತಿತು. ಆದರೆ ಅಂಬು ಬ್ಯಾಗಿಗೆ ಮಕ್ಕಳ ಮಾಸ್ಕ್ ಇರಲಿಲ್ಲ, ಬರೆದಿಟ್ಟಿದ್ದೇನೆ. ಬೆಂಗಳೂರಿನಲ್ಲಿ ಮುಂದಿನ ತಿಂಗಳು ಭಾನುವಾರ ಬಿಎಲ್‌ಎಸ್‌ಗೆ ಹೆಸರು ಕೊಟ್ಟೆ. ಗೊಂಬೆ ಇದೆ ಅಂತ ಫೋನ್ ಮಾಡಿ ಕೇಳಿಕೊಂಡೆ. ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅವತ್ತು ಏನಾದರೂ ತೆಗೆದುಕೊಂಡು ಹೋಗಬೇಕಾ?

ಕೋಲಾರ, ಕ್ಯಾಶುಯಾಲ್ಟಿಯಲ್ಲಿ 11 ವರ್ಷ

ಸೀರೆ ಬೇಡ, ಚೂಡಿದಾರ್ ಹಾಕಿಕೊಂಡು ಹೋಗಿ, ನೆಲದ ಮೇಲೆ ಮಂಡಿಯೂರಿ ಒತ್ತಬೇಕು. ಬಳೆ ಬಿಚ್ಚಿಡಿ. ಹಿಂದಿನ ರಾತ್ರಿ ನೈಟ್ ಡ್ಯೂಟಿ ಇದ್ದರೆ ಯಾರ ಜೊತೆಗಾದರೂ ಬದಲಾಯಿಸಿಕೊಳ್ಳಿ. ಸೋಮವಾರ ಮಂಡಿ ನೋಯುತ್ತೆ, ಮಂಗಳವಾರ ಇನ್ನೂ ಜಾಸ್ತಿ.